ನೇತ್ರಾಣಿಯ ಇಪ್ಪತ್ತು ನಿಮಿಷ ಯಾರಿಗೆ?

ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆ ಯಾವುದಾದರೊಂದು ಶನಿವಾರ ಬೆಳಿಗ್ಗೆ ಮುರುಡೇಶ್ವರದ ತೀರಕ್ಕೆ ಹೋಗಿ ನೋಡಿ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದಿಳಿದ ಕಾಲೇಜು ಹುಡುಗ ಹುಡುಗಿಯರು ನಿದ್ದೆಗಣ್ಣಿನಲ್ಲೇ ಎರಡು ಇಡ್ಲಿ ತಿಂದು, ಲೈಫ್ ಜಾಕೆಟ್ ಬಿಗಿದುಕೊಂಡು ದೋಣಿ ಹತ್ತುತ್ತಿರುತ್ತಾರೆ. ಅವರೆಲ್ಲ ಹೊರಟಿರುವುದು ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ. ಮೇಲಿನಿಂದ ಹೃದಯದ ಆಕಾರದಲ್ಲಿ ಕಾಣುವ ಈ ದ್ವೀಪವನ್ನು ಹಿಂದೆ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಈಗ ಅದು ಸ್ಕೂಬಾ ಡೈವಿಂಗ್‌ಗೆ ಹೆಸರುವಾಸಿ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ತೆರೆಗೆ ಬಂದಾಗ, ಅಲ್ಲಿನ ನೀರಿನೊಳಗಿನ ದೃಶ್ಯ ನೋಡಿ ‘ಇದು ನಮ್ಮ ಕರ್ನಾಟಕವೇ?’ ಎಂದು ಬೆರಗಾದವರಲ್ಲಿ ನಾನೂ ಒಬ್ಬ.

ಕಳೆದ ಡಿಸೆಂಬರ್‌ನಲ್ಲಿ ನಾವು ಆರು ಜನ ಗೆಳೆಯರು ಹೋಗಿ ಬಂದೆವು. ಹೋಗಬೇಡಿ ಎಂದು ಹೇಳಲು ಬರೆಯುತ್ತಿಲ್ಲ, ಖಂಡಿತ ಹೋಗಿ. ಆದರೆ ನಾಲ್ಕೈದು ಸಾವಿರ ರೂಪಾಯಿ ಕೊಟ್ಟು, ಒಂದೂವರೆ ಗಂಟೆ ದೋಣಿಯಲ್ಲಿ ಕುಲುಕಿಸಿಕೊಂಡು, ಕೆಲವರಂತೂ ವಾಂತಿ ಮಾಡಿಕೊಂಡು, ಕೊನೆಗೆ ನೀರಿನ ಕೆಳಗೆ ಸಿಗುವ ಇಪ್ಪತ್ತು ನಿಮಿಷವನ್ನು ನಾವು ಯಾರಿಗೆ ಕೊಡುತ್ತಿದ್ದೇವೆ ಎನ್ನುವುದೇ ನನ್ನ ಪ್ರಶ್ನೆ.

‘ಈಜು ಬಾರದವರೂ ಮಾಡಬಹುದು’ ಎಂದು ಜಾಹೀರಾತಿನಲ್ಲಿರುತ್ತದೆ. ಅದು ಸುಳ್ಳಲ್ಲ. ಮೊದಲ ಸಲ ಇಳಿಯುವವರ ಬೆನ್ನ ಹಿಂದೆ ತರಬೇತುದಾರರೊಬ್ಬರು ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಮೇಲೆ ಕೆಳಗೆ ಮಾಡುವುದು, ದಿಕ್ಕು ಬದಲಿಸುವುದು, ಗಾಳಿ ಎಷ್ಟು ಉಳಿದಿದೆ ಎಂದು ನೋಡುವುದು ಎಲ್ಲವೂ ಅವರದೇ. ನಮ್ಮ ಪಾಲಿನ ಕೆಲಸ ಎರಡೇ: ಬಾಯಿಯಿಂದ ನಿಲ್ಲಿಸದೆ ಉಸಿರಾಡುವುದು ಮತ್ತು ಇಳಿಯುತ್ತಾ ಹೋದಂತೆ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು. ಮಿಕ್ಕ ಸಮಯವೆಲ್ಲ ನೋಡುವುದಕ್ಕೆಂದೇ ಇರುವಂಥದ್ದು. ಅದನ್ನು ನುಂಗುವುದು ಎದುರಿಗೆ ತೇಲುತ್ತಾ ಬರುವ ಕ್ಯಾಮೆರಾ.

ವಿಡಿಯೊ ಪ್ಯಾಕೇಜಿನಲ್ಲೇ ಸೇರಿರುತ್ತದೆ. ಕೈ ಬೀಸಿ, ಬೆರಳಲ್ಲಿ ಹೃದಯ ಮಾಡಿ, ಆ ಬಂಡೆ ಹಿಡಿದುಕೊಳ್ಳಿ, ಇತ್ತ ತಿರುಗಿ ಎಂದು ಸನ್ನೆ ನಡೆಯುತ್ತಲೇ ಇರುತ್ತದೆ. ನಮ್ಮಲ್ಲೊಬ್ಬ ಖುಷಿಯಲ್ಲಿ ಕ್ಯಾಮೆರಾಗೆ ಹೆಬ್ಬೆರಳು ಎತ್ತಿ ತೋರಿಸಿದ. ಡೈವಿಂಗ್ ಭಾಷೆಯಲ್ಲಿ ಅದರ ಅರ್ಥ ‘ಸೂಪರ್’ ಅಲ್ಲ, ‘ಮೇಲೆ ಹೋಗೋಣ’. ತರಬೇತುದಾರರು ಅವನನ್ನು ಮೇಲಕ್ಕೆ ತಂದೇಬಿಟ್ಟರು. ದೋಣಿಗೆ ಮರಳಿದ ಮೇಲೆ ‘ಏನೇನು ನೋಡಿದೆ?’ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮೂವರ ಉತ್ತರ ಒಂದೇ: ‘ತುಂಬಾ ಮೀನು.’ ಇನ್ನೊಬ್ಬಳು ರೀಲ್ಸ್‌ನಲ್ಲಿದ್ದಷ್ಟು ಬಣ್ಣ ಇರಲಿಲ್ಲ ಎಂದು ಬೇಸರಪಟ್ಟುಕೊಂಡಳು. ಅದು ನೇತ್ರಾಣಿಯ ತಪ್ಪಲ್ಲ. ನೀರು ಮೊದಲು ಹೀರಿಕೊಳ್ಳುವುದೇ ಕೆಂಪು ಬಣ್ಣವನ್ನು. ಕೆಲವೇ ಮೀಟರ್ ಇಳಿಯುವಷ್ಟರಲ್ಲಿ ಎಲ್ಲವೂ ನೀಲಿ, ಹಸಿರು, ಬೂದು. ರೀಲ್ಸ್‌ನ ಕೆಂಪು ಫಿಲ್ಟರ್‌ನದೋ ಎಡಿಟಿಂಗ್‌ನದೋ ಆಗಿರುತ್ತದೆ.

ಏನನ್ನು ನೋಡಬೇಕು ಎಂದು ಮೊದಲೇ ತಿಳಿದಿದ್ದರೆ ಅದೇ ನೀಲಿಯಲ್ಲಿ ಬೇರೆಯೇ ಲೋಕ ಕಾಣುತ್ತದೆ. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕೆರೆಯುವ ಸದ್ದು ನೀರಿನೊಳಗೆ ಕಿವಿಗೆ ಕೇಳುತ್ತದೆ. ಅದು ಪಾಚಿಗಾಗಿ ಸತ್ತ ಹವಳವನ್ನೂ ಕೆರೆದು ನುಂಗಿ, ಅರೆದು, ಹಿಂದಿನಿಂದ ಮರಳಾಗಿ ಬಿಡುತ್ತದೆ. ಎಷ್ಟೋ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನಿನ ಪಾಲು ದೊಡ್ಡದು. ಬಂಡೆಯ ಬಿರುಕಿನಿಂದ ಬಾಯಿ ತೆರೆದು ಮುಚ್ಚಿ ಮಾಡುವ ಹಾವುಮೀನು ನಮ್ಮನ್ನು ಹೆದರಿಸುತ್ತಿರುವುದಲ್ಲ, ಅದು ಉಸಿರಾಡುವುದೇ ಹಾಗೆ. ಇಂಥ ನಾಲ್ಕು ಸಂಗತಿಗಳನ್ನು ಹಿಂದಿನ ರಾತ್ರಿ ಬಸ್ಸಿನಲ್ಲಿ ಓದಿಕೊಳ್ಳಲು ಅರ್ಧ ಗಂಟೆ ಸಾಕು.

ಹವಳದ ವಿಷಯವಂತೂ ನಮಗೆ ಹೈಸ್ಕೂಲ್ ಪುಸ್ತಕದಲ್ಲಿ ಬಂದು ಹೋದದ್ದು ಬಿಟ್ಟರೆ ಮತ್ತೇನೂ ಗೊತ್ತಿಲ್ಲ. ಅದು ಕಲ್ಲಲ್ಲ, ಗಿಡವಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಿಗಳು ಗುಂಪಾಗಿ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯೊಳಗೆ ವಾಸಿಸುವ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಕೊಡುತ್ತದೆ. ಬಣ್ಣದ ಬಹುಪಾಲೂ ಆ ಪಾಚಿಯದೇ. ನೀರು ಹಲವು ವಾರ ಮಾಮೂಲಿಗಿಂತ ಬಿಸಿಯಾಗಿಯೇ ಉಳಿದರೆ ಹವಳ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಂಡೀತು, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೇ ವ್ಯಾಪಕ ಬಿಳಿಚುವಿಕೆಯನ್ನು ಘೋಷಿಸಿದರು. ಅದೇ ಬೇಸಿಗೆಯಲ್ಲಿ ನಮ್ಮ ಪಕ್ಕದ ಲಕ್ಷದ್ವೀಪದ ಹವಳಗಳೂ ಬಿಳಿಚಿಕೊಂಡವು.

ಲಕ್ಷದ್ವೀಪ, ಅಂಡಮಾನ್‌ಗಳ ಮುಂದೆ ನೇತ್ರಾಣಿ ತೀರಾ ಚಿಕ್ಕದು. ಇಲ್ಲಿ ಹವಳ ಬಂಡೆಗಳ ಮೇಲೆ ಅಲ್ಲಲ್ಲಿ ತೇಪೆಯಂತೆ ಬೆಳೆದಿದೆ. ಉಂಡೆಯಾಕಾರದ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರ್ ಆಸುಪಾಸು. ಫುಟ್‌ಬಾಲ್ ಗಾತ್ರದ್ದೊಂದು ಕಂಡರೆ ಅದಕ್ಕೆ ಹತ್ತು ವರ್ಷ ಆಗಿರಬಹುದು. ಫೋಟೊಗೆಂದು ‘ಹಿಡಿದುಕೊಳ್ಳಿ’ ಎಂದು ತೋರಿಸುವ ಬಂಡೆಯ ಮೇಲೆ ಇರುವುದು ಇದೇ. ಒಂದು ಕೈ, ಒಂದು ಕಾಲಿನ ಒದೆತ ದೊಡ್ಡದಲ್ಲ ಎನ್ನಬಹುದು. ಆದರೆ ಸೀಸನ್ ಇಡೀ ಅದೇ ಬಂಡೆಗೆ ಪ್ರತಿದಿನ ಎಷ್ಟು ಕೈಗಳು? ದಿಬ್ಬ ಕಟ್ಟುವ ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಬಂಡೀಪುರದಲ್ಲಿ ಜೀಪಿನಿಂದ ಕೈ ಹೊರಹಾಕಿದರೆ ಗದರಿಸುವ ನಾವು ಇಲ್ಲಿ ಕೈ ಇಡುವುದಕ್ಕೆ ದುಡ್ಡು ಕೊಡುತ್ತಿದ್ದೇವೆ.

ಇನ್ನೊಂದು ಮಾತು, ಇದು ಜೀವದ ವಿಷಯ. ಇಳಿಯುವ ಮೊದಲು ಆರೋಗ್ಯದ ಫಾರಂ ಕೊಡುತ್ತಾರೆ. ಆಸ್ತಮಾ, ಅಪಸ್ಮಾರ, ಹೃದಯದ ತೊಂದರೆ, ಕಿವಿ ಅಥವಾ ಸೈನಸ್ ಸಮಸ್ಯೆ ಇದೆಯೇ ಎಂಬ ಪ್ರಶ್ನೆಗಳು. ‘ಹೌದು’ ಎಂದರೆ ವೈದ್ಯರ ಒಪ್ಪಿಗೆ ಬೇಕು. ಭಾನುವಾರ ಬೆಳಿಗ್ಗೆ ಅಲ್ಲಿ ವೈದ್ಯರನ್ನು ಎಲ್ಲಿಂದ ತರುವುದು? ಹಾಗಾಗಿ ಬಹಳಷ್ಟು ಮಂದಿ ಕಣ್ಮುಚ್ಚಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚುತ್ತಾರೆ. ನಮ್ಮ ಗುಂಪಿನ ಒಬ್ಬನ ಬ್ಯಾಗಿನಲ್ಲಿ ಇನ್‌ಹೇಲರ್ ಇತ್ತು. ‘ನೋ ಅಂತ ಹಾಕೋ ಮಾರಾಯ, ಯಾರು ನೋಡ್ತಾರೆ, ದುಡ್ಡು ವೇಸ್ಟು’ ಎಂದು ಉಳಿದವರು ಒತ್ತಾಯಿಸಿದರು. ಅವನು ‘ಹೌದು’ ಎಂದೇ ಬರೆದ. ಅವರು ಇಳಿಸಲಿಲ್ಲ, ಅರ್ಧ ದುಡ್ಡು ಮಾತ್ರ ವಾಪಸ್ ಬಂತು. ನಾವು ಕೆಳಗಿದ್ದಷ್ಟು ಹೊತ್ತೂ ದೋಣಿಯಲ್ಲಿ ಕೂತು, ದ್ವೀಪದ ಕಡಿದಾದ ಬಂಡೆಯ ಮೇಲೆ ಸುತ್ತುತ್ತಿದ್ದ ಬಿಳಿಹೊಟ್ಟೆಯ ಕಡಲಹದ್ದನ್ನು ನೋಡುತ್ತಿದ್ದ. ನಮ್ಮಲ್ಲಿ ಯಾರಿಗೂ ಅದು ಕಾಣಿಸಿರಲಿಲ್ಲ.

ಅವನು ಮಾಡಿದ್ದು ಏಕೆ ಸರಿ ಎನ್ನುವುದಕ್ಕೆ ಪಿಯುಸಿಯ ಬಾಯ್ಲ್ ನಿಯಮ ಸಾಕು. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಗಿಂತ ಎರಡರಷ್ಟು. ಅಲ್ಲಿ ಶ್ವಾಸಕೋಶದಲ್ಲಿ ತುಂಬಿಕೊಂಡ ಗಾಳಿ ಮೇಲಕ್ಕೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ‘ಉಸಿರು ಹಿಡಿಯಬೇಡಿ’ ಎಂದು ಪದೇ ಪದೇ ಹೇಳುವುದು ಅದಕ್ಕೇ. ಹೆದರಿ ಉಸಿರು ಕಟ್ಟಿ ಮೇಲೆ ಚಿಮ್ಮಿದರೂ ಶ್ವಾಸಕೋಶ ಹರಿಯಬಹುದು, ಆಸ್ತಮಾದಿಂದ ಶ್ವಾಸನಾಳ ಬಿಗಿದುಕೊಂಡು ಗಾಳಿ ಒಳಗೇ ಸಿಕ್ಕಿಕೊಂಡರೂ ಅದೇ ಅಪಾಯ. ಗೆಳೆಯನನ್ನು ‘ಪುಕ್ಕಲ’ ಎಂದು ರೇಗಿಸುವ ಮುನ್ನ ಇದು ನೆನಪಿರಲಿ. ತೊಂದರೆ ಇರುವವರು ಊರಲ್ಲೇ ವೈದ್ಯರನ್ನು ಕಂಡು, ಬರಹದಲ್ಲಿ ಒಪ್ಪಿಗೆ ಪಡೆದು ಹೊರಡಬಹುದು. ಬುಕಿಂಗ್ ವೇಳೆಯಲ್ಲೇ ಫಾರಂ ಕಳಿಸಿಬಿಟ್ಟರೆ ಈ ಸುಳ್ಳುಗಳಲ್ಲಿ ಅರ್ಧ ನಿಲ್ಲುತ್ತವೆ. ನಡೆಸುವವರು ಇಷ್ಟನ್ನಾದರೂ ಮಾಡಬಾರದೇ?

ಕೆಲಸ ಹುಡುಕುತ್ತಿರುವವರು ‘ಇದನ್ನೇ ವೃತ್ತಿ ಮಾಡಿಕೊಂಡರೆ?’ ಎಂದು ಕೇಳುತ್ತಾರೆ. ಸಾಧ್ಯ, ಆದರೆ ಇಪ್ಪತ್ತು ನಿಮಿಷದ ಮೋಹಕ್ಕೆ ಬಿದ್ದು ಅಲ್ಲ. 18 ಮೀಟರ್‌ವರೆಗೆ ಇಳಿಯಲು ಅರ್ಹತೆ ಕೊಡುವ ಓಪನ್ ವಾಟರ್ ಕೋರ್ಸ್‌ನಿಂದ ಆರಂಭಿಸಿ, ಅಡ್ವಾನ್ಸ್ಡ್, ರೆಸ್ಕ್ಯೂ ಮುಗಿಸಿದ ಮೇಲೆ ಡೈವ್ ಮಾಸ್ಟರ್. ಅದಕ್ಕೆ ವಯಸ್ಸು 18 ಆಗಿರಬೇಕು, ಈಜು ಚೆನ್ನಾಗಿ ಬರಬೇಕು. ಒಂದೊಂದು ಮೆಟ್ಟಿಲಿಗೂ ಹತ್ತಾರು ಸಾವಿರ ಖರ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಕೆಲಸವೇ ಇಲ್ಲ. ವಿಜ್ಞಾನ ಓದಿದವರಿಗೆ ಬೇರೆ ದಾರಿಯೂ ಇದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಸ್ನಾತಕೋತ್ತರ ವಿಭಾಗವಿದೆ, ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. ಬಿ.ಎಸ್ಸಿ. ಮುಗಿಸಿದ ಎಷ್ಟು ಮಂದಿಗೆ ಇವುಗಳ ಹೆಸರು ಗೊತ್ತು?

ನಮ್ಮ ದೋಣಿ ನಡೆಸಿದವನು ಅಲ್ಲಿನದೇ ಮೀನುಗಾರ ಮನೆಯ ಹುಡುಗ, ನನ್ನದೇ ವಯಸ್ಸು. ಗಾಳಿ ತಿರುಗುವುದನ್ನು ನಮಗಿಂತ ಮೊದಲು ಅವನು ಹೇಳಿದ. ಬಂಡೆಯ ಯಾವ ಮಗ್ಗುಲಲ್ಲಿ ಯಾವ ಮೀನು ಎಂದೂ ಹೇಳಿದ. ನಮ್ಮನ್ನು ನೀರಿಗಿಳಿಸಿದ ತರಬೇತುದಾರರು ಮಾತ್ರ ಬೇರೆ ರಾಜ್ಯದವರು. ‘ನೀನ್ಯಾಕೆ ಕೋರ್ಸ್ ಮಾಡಲಿಲ್ಲ?’ ಎಂದರೆ ನಕ್ಕು, ‘ಅಷ್ಟು ದುಡ್ಡಿದ್ರೆ ಹೊಸ ಇಂಜಿನ್ ಹಾಕಿಸ್ತಿದ್ದೆ’ ಎಂದ. ಪ್ರವಾಸೋದ್ಯಮ ಇಲಾಖೆ ಸಾಹಸ ಕ್ರೀಡೆಯ ಪ್ರಚಾರಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ವರ್ಷಕ್ಕೆ ಹತ್ತು ಮಂದಿ ಕರಾವಳಿಯ ಯುವಕ ಯುವತಿಯರ ಡೈವ್ ಮಾಸ್ಟರ್ ತರಬೇತಿಗೆ ಕೊಟ್ಟರೆ, ಮುಂದಿನ ಸೀಸನ್‌ಗೆ ಹೋಗುವವರಿಗೆ ಆ ಮೀನುಗಳ ಹೆಸರನ್ನು ಕನ್ನಡದಲ್ಲೇ ಹೇಳಬಲ್ಲವರು ಸಿಗುತ್ತಾರೆ.