ಗೋಡೆ ಹೇಳಲಿ, ಆದರೆ ಮರ್ಯಾದೆಯಿಂದ ಹೇಳಲಿ

ಮದುವೆ ಸೀಸನ್ ಬಂತೆಂದರೆ ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರದ ಹಾಲ್‌ಗಳಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಬಿರಿಯಾನಿ ಮುಗಿಸಿ ಕೈ ತೊಳೆಯಲು ಹೋದರೆ ಹಿಂದಿನ ವರಾಂಡದ ತುಂಬ ಬೀಡಿ, ಸಿಗರೇಟಿನ ಹೊಗೆ. ಮಳೆಯಿದ್ದರಂತೂ ಎಲ್ಲರೂ ಒಳಗೇ. ಪಕ್ಕದಲ್ಲಿ ಮಕ್ಕಳು ಐಸ್‌ಕ್ರೀಮಿಗೆ ಸಾಲು ನಿಂತಿರುತ್ತವೆ.

ಬಡಿಸುವ ಹುಡುಗನಿಗೆ ಹೇಳಿದರೆ ತಲೆ ತುರಿಸುತ್ತಾನೆ. ಸೇದುತ್ತಿರುವುದು ಅವನ ಉಪ್ಪನ ದೋಸ್ತಿ. "ಕಾಕ, ಬೀಡಿ ಬಿಸಾಕಿ" ಅನ್ನಲು ಅವನಿಗೆ ಬಾಯಿ ಬರುವುದಿಲ್ಲ. ನಮಗೂ ಬಂದಿಲ್ಲ, ಸುಳ್ಳು ಯಾಕೆ? ಬೋರ್ಡ್ ಬೇಕಾಗುವುದು ಇದಕ್ಕೇ. ಹುಡುಗ ಹೇಳಲಾಗದ್ದನ್ನು ಗೋಡೆ ಹೇಳಬೇಕು.

ಆದರೆ ಹೇಗೆ ಹೇಳುವುದು? "ಧೂಮಪಾನಿಗಳಿಗೆ ಪ್ರವೇಶವಿಲ್ಲ" ಎಂದು ಬರೆದರೆ ಅದು ಹೊಗೆಗೆ ಹಾಕಿದ ತಡೆಯಲ್ಲ, ಮನುಷ್ಯನಿಗೆ ಹಾಕಿದ ತಡೆ. ಮನೆಗೆ ಹೋಗಿ ನಿಕಾಹ್‌ಗೆ ಕರೆದು ಗೇಟಿನಲ್ಲಿ ಬೇಡ ಅಂದ ಹಾಗೆ. ಸೇದುವವರನ್ನು ಬೈಯುವ ಬೋರ್ಡೂ ಬೇಡ. ಘಟ್ಟದ ಕೆಳಗಿನ ನಮ್ಮ ಎಷ್ಟೋ ಮನೆಗಳಲ್ಲಿ ಉಮ್ಮಂದಿರು ಬೀಡಿ ಕಟ್ಟಿದ ದುಡ್ಡಿನಲ್ಲೇ ಮಕ್ಕಳ ಸ್ಕೂಲ್ ಫೀಸು ಕಟ್ಟಿದ್ದು. "ದಯವಿಟ್ಟು ಸಹಕರಿಸಿ" ಎಂದಷ್ಟೇ ಬರೆದರೆ, ಇಷ್ಟವಿದ್ದರೆ ಬಿಡಿ, ಇಲ್ಲದಿದ್ದರೆ ಸೇದಿ ಅಂದಂತೆ.

ಕಾನೂನಿಗೆ ಈ ಗೊಂದಲವಿಲ್ಲ. 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಬೋರ್ಡ್ ಬಿಳಿ ಹಿನ್ನೆಲೆಯದ್ದಾಗಿರಬೇಕು, ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಕೆಂಪು ವೃತ್ತದೊಳಗೆ ಅಡ್ಡಪಟ್ಟಿ ಎಳೆದ ಬೀಡಿ ಅಥವಾ ಸಿಗರೇಟಿನ ಚಿತ್ರ, ಇಲ್ಲಿ ಧೂಮಪಾನ ಅಪರಾಧ ಎಂಬ ಎಚ್ಚರಿಕೆ. ದೂರು ಯಾರಿಗೆ ಕೊಡಬೇಕು ಎಂಬ ಹೆಸರೂ ಕಾಣುವಂತಿರಬೇಕು. ದೂರು ಬಂದೂ ಅವರು ಸುಮ್ಮನೆ ಕೂತರೆ ದಂಡ ಅವರ ಮೇಲೂ ಬೀಳುತ್ತದೆ. ಹೆಚ್ಚಿನ ಬೋರ್ಡುಗಳಲ್ಲಿ ಆ ಹೆಸರಿನ ಜಾಗ ಖಾಲಿ! ಇನ್ನು ಕೆಲವು ಕಡೆ ಈಗಲೂ "ದಂಡ ರೂ. 200" ಎಂದೇ ಇದೆ. ರಾಜ್ಯದ ತಿದ್ದುಪಡಿ ಬಂದ ಮೇಲೆ ಅದು 1000 ರೂಪಾಯಿವರೆಗೆ ಏರಿದೆ.

ಚಿತ್ರವನ್ನು ಮಾತ್ರ ಸಣ್ಣದು ಮಾಡಬೇಡಿ. ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳದಿಂದ ಬಂದವರಿಗೆ ನಮ್ಮ ಕನ್ನಡ ಅಕ್ಷರ ಓದಲು ಬಾರದು, ಚಿತ್ರ ಅರ್ಥವಾಗುತ್ತದೆ.

ಕಾನೂನಿನ ಸಾಲು ಹಾಗೇ ಇರಲಿ. ಅದರ ಕೆಳಗೆ ಮನೆಯ ಮಾತಿನಲ್ಲಿ ಇನ್ನೊಂದು ಸಾಲು ಸೇರಿಸಬಹುದು: "ಇಲ್ಲಿ ಬೀಡಿ, ಸಿಗರೇಟು ಸೇದಬಾರದು. ಮಕ್ಕಳಿದ್ದಾರೆ." ಧೂಮಪಾನ ಎಂಬ ಪದವನ್ನು ನಮ್ಮ ಯಾವ ಕಾಕನೂ ಬಾಯಲ್ಲಿ ಆಡಿದವರಲ್ಲ. ಬೀಡಿ ಎಂದರೆ ತನಗೇ ಹೇಳಿದ್ದು ಎಂದು ತಿಳಿಯುತ್ತದೆ, ಮಕ್ಕಳಿದ್ದಾರೆ ಎಂದರೆ ಮುಖ ಮುರಿಯುವುದೂ ಇಲ್ಲ.

ಹಾಲ್ ಕಮಿಟಿಯವರಲ್ಲಿ ಇನ್ನೊಂದು ವಿನಂತಿ. ಬಾಗಿಲಲ್ಲಿ ಬೋರ್ಡ್ ಹಾಕುತ್ತೀರಿ, ಹಾಕಲೇಬೇಕು. ಇನ್ನೊಂದನ್ನು ಕೈ ತೊಳೆಯುವ ನಲ್ಲಿಗಳ ಮೇಲೆ ಹಾಕಿ. ಅಲ್ಲಿರುವ ಆ್ಯಶ್‌ಟ್ರೇಯನ್ನೂ ತೆಗೆದುಬಿಡಿ, ಅದನ್ನು ಇಡಬಾರದೆಂದು ಅದೇ ನಿಯಮದಲ್ಲಿದೆ.