ನೋಡುವವರಿಗಾಗಿ ಹಾಡಿದ ಹಾಡು

ತಲಪಾಡಿಯ ಗಡಿಯಲ್ಲಿ ಬಸ್ಸನ್ನು ನಿಲ್ಲಿಸಬಹುದು, ಹಾಡನ್ನು ನಿಲ್ಲಿಸಲು ಯಾರಿಂದಲೂ ಸಾಧ್ಯವಿಲ್ಲ. ನಮ್ಮ ಅನಂತಪುರದ ಕಡೆಯ ಒಂದು ಕಂಗಿನ ತೋಟದ ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜಿ ಕೊಂಕಣಿಯಲ್ಲಿ ಜಪಸರ ಹೇಳುತ್ತಾರೆ. ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ತುಳುವಿನಲ್ಲಿ. ಟಿ.ವಿ.ಯಲ್ಲಿ ಮಲಯಾಳ. ಮೊಮ್ಮಗಳ ಶಾಲೆಯ ಪುಸ್ತಕ ಕನ್ನಡದಲ್ಲಿ. ಅವಳ ಕಿವಿಗೆ ಸಿಕ್ಕಿಸಿಕೊಂಡ ವಯರಿನಲ್ಲಿ ಮಾತ್ರ ಇಂಗ್ಲಿಷ್ ಹಾಡು. ಅದರ ತಾಳ ಮನೆಯವರಿಗೆ ಅಷ್ಟಿಷ್ಟು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ.

ಆ ಮಾತುಗಳಲ್ಲಿ ಕಳೆದ 25 ವರ್ಷಗಳಿಂದ ಮತ್ತೆ ಮತ್ತೆ ಬರುತ್ತಿರುವ ಒಂದು ವಿಷಯ ಉಂಟು: ಹೆಣ್ಣಿಗೆ ಇನ್ನೊಬ್ಬ ಹೆಣ್ಣಿನ ಮೇಲೆ ಹುಟ್ಟುವ ಆಕರ್ಷಣೆ. ಈ ತಿಂಗಳು ನಾವು ಅದನ್ನೇ ಎತ್ತಿಕೊಂಡಿದ್ದೇವೆ. ಧರ್ಮಕೇಂದ್ರದ ಪತ್ರಿಕೆಯಲ್ಲಿ ಇದೆಲ್ಲ ಬೇಕೇ ಎಂದು ಕೆಲವರು ಕೇಳಬಹುದು. ಮಕ್ಕಳು ದಿನವೂ ಕೇಳುತ್ತಿರುವುದನ್ನು ಹಿರಿಯರಾದ ನಾವು ಓದಲೂ ಹಿಂಜರಿದರೆ, ಆ ವಿಷಯದಲ್ಲಿ ಅವರಿಗೆ ಹಾಡೊಂದೇ ಗುರುವಾಗಿ ಉಳಿಯುತ್ತದೆ. ಆ ಗುರು ಏನು ಕಲಿಸಿದ್ದಾನೆಂದು ಮೊದಲು ನೋಡೋಣ.

2002ರಲ್ಲಿ 'ಟಾಟು' ಎಂಬ ರಷ್ಯಾದ ತಂಡದ ಒಂದು ಇಂಗ್ಲಿಷ್ ಹಾಡು ಲೋಕವಿಡೀ ಹಬ್ಬಿತು. 2003ರ ಫೆಬ್ರವರಿಯಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಹಾಡಿದವರು ಲೆನಾ ಕಾತಿನಾ ಮತ್ತು ಯೂಲಿಯಾ ವೋಲ್ಕೋವಾ, ಇಬ್ಬರೂ ಹದಿಹರೆಯದವರು. ವಿಡಿಯೋದಲ್ಲಿ ಅವರಿಗೆ ಶಾಲೆಯ ಸಮವಸ್ತ್ರ ಉಡಿಸಿ, ಸುರಿಯುವ ಮಳೆಯಲ್ಲಿ ನಿಲ್ಲಿಸಿ, ಒಬ್ಬರನ್ನೊಬ್ಬರು ಮುತ್ತಿಡುವಂತೆ ಮಾಡಲಾಗಿತ್ತು. ತಂತಿಬೇಲಿಯ ಆಚೆ ಕೊಡೆ ಹಿಡಿದ ಜನ ನಿಂತು ನೋಡುತ್ತಿರುತ್ತಾರೆ. ಇದನ್ನೆಲ್ಲ ಯೋಜಿಸಿದವರು ಜಾಹೀರಾತಿನ ಕ್ಷೇತ್ರದಿಂದ ಬಂದ ಇವಾನ್ ಶಪೊವಾಲೊವ್. ತಾವು ಪ್ರೇಮಿಗಳಲ್ಲ, ಗೆಳತಿಯರು ಮಾತ್ರ ಎಂದು ಆ ಹುಡುಗಿಯರೇ ಮುಂದೆ ಹೇಳಿಕೊಂಡರು. ಅಂದರೆ ಲೋಕ ಕೊಂಡುಕೊಂಡದ್ದು ಇಬ್ಬರು ಮಕ್ಕಳ ಮನಸ್ಸನ್ನಲ್ಲ, ಒಂದು ವೇಷವನ್ನು.

2003ರ ಆಗಸ್ಟ್ 28ರಂದು ನ್ಯೂಯಾರ್ಕಿನಲ್ಲಿ ಎಂ.ಟಿ.ವಿ. ಪ್ರಶಸ್ತಿ ಸಮಾರಂಭ. ಪ್ರಸಿದ್ಧ ಗಾಯಕಿ ಮಡೋನಾ ವೇದಿಕೆಯ ಮೇಲೆ ಬ್ರಿಟ್ನಿ ಸ್ಪಿಯರ್ಸಳನ್ನು ಮುತ್ತಿಟ್ಟರು. ಆ ಕ್ಷಣ ಕ್ಯಾಮೆರಾ ಎತ್ತ ತಿರುಗಿತು ಗೊತ್ತೇ? ಸಭೆಯಲ್ಲಿ ಕುಳಿತಿದ್ದ ಜಸ್ಟಿನ್ ಟಿಂಬರ್‌ಲೇಕ್‌ನ ಮುಖಕ್ಕೆ. ಆತ ಬ್ರಿಟ್ನಿಯ ಹಿಂದಿನ ಗೆಳೆಯ. ವೇದಿಕೆಯ ಮೇಲಿನ ಹೆಂಗಸರ ಮನಸ್ಸಿನಲ್ಲಿ ಏನಿದೆ ಎನ್ನುವುದಕ್ಕಿಂತ, ನೋಡುತ್ತಿರುವ ಗಂಡಸಿಗೆ ಏನನಿಸಿತು ಎನ್ನುವುದೇ ಆ ಕ್ಯಾಮೆರಾಕ್ಕೆ ಮುಖ್ಯವಾಗಿತ್ತು.

ಮೂರನೆಯದು 2008ರ 'ಐ ಕಿಸ್ಡ್ ಎ ಗರ್ಲ್'. ಹಾಡಿದವರು ಕೇಟಿ ಪೆರ್ರಿ. ಅವರ ತಂದೆತಾಯಿ ಪೆಂತೆಕೊಸ್ತ್ ಪಂಗಡದ ಪಾಸ್ಟರುಗಳು. 2001ರಲ್ಲಿ ಕೇಟಿ ಹಡ್ಸನ್ ಎಂಬ ಹೆಸರಿನಲ್ಲಿ ಈಕೆ ಕ್ರೈಸ್ತ ಗೀತೆಗಳ ಆಲ್ಬಮ್ ತಂದಿದ್ದರು. ಅದು ಹೆಚ್ಚು ಓಡಲಿಲ್ಲ. 2008ರ ಹಾಡು ಮಾತ್ರ ಅಮೆರಿಕದಲ್ಲಿ ಏಳು ವಾರ ಮೊದಲ ಸ್ಥಾನದಲ್ಲಿ ಕುಳಿತಿತು. ಅದರ ಸಾರಾಂಶ ಇಷ್ಟೆ: ಕುಡಿದ ಧೈರ್ಯದಲ್ಲಿ ಒಬ್ಬ ಹುಡುಗಿಯನ್ನು ಮುತ್ತಿಟ್ಟೆ, ಅವಳ ಹೆಸರೂ ಬೇಕಿಲ್ಲ, ಇದೊಂದು ಪರೀಕ್ಷೆ, ನನ್ನ ಗೆಳೆಯ ಬೇಸರಿಸದಿದ್ದರೆ ಸಾಕು. ಹತ್ತು ವರ್ಷಗಳ ಮೇಲೆ, 2018ರಲ್ಲಿ, ಇಂದು ಬರೆದಿದ್ದರೆ ಆ ಹಾಡನ್ನು ಬದಲಿಸುತ್ತಿದ್ದೆ ಎಂದು ಪೆರ್ರಿಯವರೇ ಒಂದು ಸಂದರ್ಶನದಲ್ಲಿ ಹೇಳಿದರು.

ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೂರರಲ್ಲೂ ಇಬ್ಬರು ಹೆಂಗಸರಿದ್ದಾರೆ, ಆದರೆ ಹಾಡು ಅವರಿಬ್ಬರ ನಡುವಿನದಲ್ಲ. ಬೇಲಿಯಾಚೆ ಒಬ್ಬ, ಸಭೆಯಲ್ಲಿ ಒಬ್ಬ, ಮನೆಯಲ್ಲಿ ಕಾಯುವ ಒಬ್ಬ, ಹೀಗೆ ಮೂರನೆಯವನೊಬ್ಬ ನೋಡುತ್ತಲೇ ಇದ್ದಾನೆ. ಹಾಡು ಹುಟ್ಟಿದ್ದೇ ಅವನಿಗಾಗಿ.

ಇಂಥ ಹಾಡುಗಳ ಸುದ್ದಿ ಬಂದಾಗ ನಮ್ಮವರು ಸಾಮಾನ್ಯವಾಗಿ ಹೇಳುವುದು, 'ಪಶ್ಚಿಮದ ಕೊಳಕು, ಮೊಬೈಲ್ ಕಿತ್ತುಕೊಳ್ಳಿ' ಎಂದು. ಕಿತ್ತುಕೊಂಡರೆ ಹಾಡು ನಿಲ್ಲಬಹುದು, ಪ್ರಶ್ನೆ ನಿಲ್ಲುವುದಿಲ್ಲ. ಈ ಹಾಡುಗಳ ನಿಜವಾದ ತಪ್ಪು ಏನೆಂದು ಸರಿಯಾಗಿ ಗುರುತಿಸಬೇಕು. ಅವು ನೀತಿಯ ಗಡಿ ದಾಟುತ್ತವೆ ಎನ್ನುವುದು ಒಂದು. ಅದಕ್ಕಿಂತ ಆಳದ ತಪ್ಪು, ಅವು ಮನುಷ್ಯಳೊಬ್ಬಳನ್ನು ತಮಾಷೆಯ ವಸ್ತುವಾಗಿಸುತ್ತವೆ. ಇದನ್ನು ಹೇಳಿದವರು ನಾವು ಮಾತ್ರವಲ್ಲ. 2018ರಲ್ಲಿ ರೀಟಾ ಓರಾ ಇನ್ನೂ ಮೂವರು ಗಾಯಕಿಯರ ಜೊತೆ ಇದೇ ಧಾಟಿಯ 'ಗರ್ಲ್ಸ್' ಹಾಡನ್ನು ತಂದಾಗ ಮೊದಲು ಪ್ರತಿಭಟಿಸಿದವರು, ತಮಗೆ ಇಂಥ ಆಕರ್ಷಣೆ ಇರುವುದನ್ನು ಮುಚ್ಚಿಡದ ಗಾಯಕಿಯರೇ. ಅವರಲ್ಲಿ ಹೇಲಿ ಕಿಯೋಕೋ ಒಬ್ಬರು. ನಮ್ಮ ಬದುಕು ನಿಮ್ಮ ಕುಡಿತದ ರಾತ್ರಿಯ ಆಟವಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ರೀಟಾ ಓರಾ ಕ್ಷಮೆ ಕೇಳಿದರು.

ನಮ್ಮ ದೇಶದ ಹಾಡು ಬೇರೆಯೇ? ಕನ್ನಡದ ಜನಪ್ರಿಯ ಚಿತ್ರಗೀತೆಗಳು ಈ ವಿಷಯವನ್ನು ಮುಟ್ಟಿದ್ದೇ ಅಪರೂಪ. ಹಿಂದಿಯಲ್ಲಿ 1994ರ '1942: ಎ ಲವ್ ಸ್ಟೋರಿ' ಚಿತ್ರದಲ್ಲಿ, ಹುಡುಗಿಯೊಬ್ಬಳನ್ನು ಕಂಡು ಮನಸೋತ ನಾಯಕ ಹಾಡುವ ಹಾಡೊಂದು ಉಂಟು. ಆರ್.ಡಿ. ಬರ್ಮನ್ ಸಂಗೀತದ ಆ ಹಾಡು ನಮ್ಮ ವಯಸ್ಸಿನವರಿಗೆಲ್ಲ ಬಾಯಿಪಾಠ. ಅದೇ ಹಾಡಿನ ಮೊದಲ ಸಾಲನ್ನೇ ಹೆಸರಾಗಿ ಇಟ್ಟುಕೊಂಡು 2019ರಲ್ಲಿ ಒಂದು ಚಿತ್ರ ಬಂತು. ಅದರಲ್ಲಿ ಒಬ್ಬ ಹುಡುಗಿಗೆ ಇನ್ನೊಬ್ಬ ಹುಡುಗಿಯ ಮೇಲೆ ಪ್ರೀತಿ. ಆ ಚಿತ್ರ ವಿಷಯವನ್ನು ಗೌರವದಿಂದಲೇ ನಡೆಸಿತು. ಆದರೂ ಅದರ ಶೀರ್ಷಿಕೆ ಗೀತೆ ಕೇಳಿಸಿದ್ದು ಗಂಡಿನ ದನಿಯಲ್ಲೇ.

ಹೆಣ್ಣಿನ ದನಿಯಲ್ಲಿ ಬಂದ ಹಾಡುಗಳು ಬೇರೆ ಥರ ಇವೆ. 2024ರಲ್ಲಿ ಅಮೆರಿಕದ ಚಾಪೆಲ್ ರೋನ್ ಹಾಡಿದ 'ಗುಡ್ ಲಕ್, ಬೇಬ್!' ನಮ್ಮ ಊರಿನ ಹುಡುಗಿಯರ ಫೋನಿಗೂ ತಲುಪಿದೆ. ಅದು ಒಬ್ಬ ಹುಡುಗಿ ತನ್ನಿಂದ ದೂರವಾದ ಇನ್ನೊಬ್ಬಳಿಗೆ ಹೇಳುವ ಮಾತು. ನೀನು ಇದನ್ನೆಲ್ಲ ಸುಳ್ಳೆಂದು ತಳ್ಳಿಹಾಕಬಹುದು, ಆದರೆ ಮುಂದೆ ಒಂದು ನಡುರಾತ್ರಿ ಎಚ್ಚರವಾದಾಗ ನೀನು ಒಬ್ಬನ ಹೆಂಡತಿ ಮಾತ್ರವಾಗಿ ಉಳಿದದ್ದು ನಿನಗೇ ಗೊತ್ತಾಗುತ್ತದೆ ಎಂಬುದು ಅದರ ಎಚ್ಚರಿಕೆ. ಹಾಡು ಸೂಚಿಸುವ ದಾರಿಯನ್ನು ಧರ್ಮಸಭೆ ಒಪ್ಪುವುದಿಲ್ಲ. ಆದರೆ ಆ ನಡುರಾತ್ರಿಯ ಹೆಂಡತಿ ಕಟ್ಟುಕತೆಯಲ್ಲ. ಅವಳ ಪಕ್ಕದಲ್ಲಿ ಏನೂ ಅರಿಯದೆ ಮಲಗಿರುವ ಗಂಡನೂ ಕಟ್ಟುಕತೆಯಲ್ಲ. ಅಂಥ ಮದುವೆಗಳನ್ನು ಮಾಡಿಸುವವರು ಯಾರು? ಹಾಡು ಬರೆದವರಲ್ಲ, ನಾವೇ.

ನಮ್ಮ ಮನೆಗಳಲ್ಲಿ ಮಗಳು ಹೀಗೊಂದು ಮಾತು ಆಡಿದರೆ ಕೂಡಲೇ ಸಿಗುವ ಔಷಧಿ ಒಂದೇ: 'ಬೇಗ ಒಂದು ಸಂಬಂಧ ನೋಡಿ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ.' 2004ರಲ್ಲಿ ಲಿಜಿ ಜೆ. ಪುಲ್ಲಪ್ಪಳ್ಳಿಯವರು ನಿರ್ದೇಶಿಸಿದ ಮಲಯಾಳದ 'ಸಂಚಾರಂ' ಚಿತ್ರದಲ್ಲಿ ನಡೆಯುವುದೂ ಇದೇ. ಅದರ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಕಥೋಲಿಕ ಮನೆಯವಳು. ವಿಷಯ ತಿಳಿದೊಡನೆ ಮನೆಯವರು ಅವಳಿಗೆ ಮದುವೆ ಗೊತ್ತುಮಾಡುತ್ತಾರೆ. ಇಲ್ಲಿ ನಾವು ಧರ್ಮಸಭೆಯ ಕಾನೂನನ್ನು ನೆನಪಿಸಬೇಕು. ಪೀಠದ ಮುಂದೆ ನಿಂತ ವಧೂವರರಿಗೆ ಗುರುಗಳು ಕೇಳುವ ಮೊದಲ ಪ್ರಶ್ನೆಯೇ, ಯಾರ ಒತ್ತಾಯವೂ ಇಲ್ಲದೆ ಬಂದಿರುವಿರಾ ಎಂಬುದು. ಅದು ಶಾಸ್ತ್ರಕ್ಕೆ ಕೇಳುವ ಪ್ರಶ್ನೆಯಲ್ಲ. 1983ರ ಕಾನೂನು ಸಂಹಿತೆಯ 1057ನೆಯ ನಿಯಮದಂತೆ ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ. ಆ ಸಮ್ಮತಿಯನ್ನು ಅವರ ಪರವಾಗಿ ತಂದೆಯಾಗಲಿ ತಾಯಿಯಾಗಲಿ ಕೊಡಲು ಬರುವುದಿಲ್ಲ. 1103ನೆಯ ನಿಯಮದಂತೆ ಬಲಾತ್ಕಾರದಿಂದ ಅಥವಾ ಹೊರಗಿನಿಂದ ಹುಟ್ಟಿಸಿದ ಘೋರ ಭಯದಿಂದ ಮಾಡಿದ ಮದುವೆ ಅಸಿಂಧು. ಮದುವೆ ಒಂದು ಸಂಸ್ಕಾರ, ಚಿಕಿತ್ಸೆಯಲ್ಲ. ಹಾಗೆ ಬಳಸಿದರೆ ಎರಡು ಮನೆಗಳ ಮಕ್ಕಳು ಹಾಳಾಗುತ್ತಾರೆ.

ಎರಡನೆಯ ಔಷಧಿ 'ಸರಿಪಡಿಸುವ' ಆಸ್ಪತ್ರೆ, ಗುಟ್ಟಿನ ಮಾತ್ರೆ. ಇದು ಕಾಯಿಲೆಯೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಬಲವಂತದಿಂದ ಮನಸ್ಸು ಬದಲಿಸುವ ಚಿಕಿತ್ಸೆಯನ್ನು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಅದಕ್ಕೆ ಕಾರಣವಾದ ಮೊಕದ್ದಮೆ ನಮ್ಮ ನೆರೆಯ ರಾಜ್ಯದ್ದು. ಮದುರೆಯಿಂದ ಮನೆ ಬಿಟ್ಟು ಚೆನ್ನೈಗೆ ಬಂದ ಇಬ್ಬರು ಯುವತಿಯರು ರಕ್ಷಣೆ ಕೋರಿ ಮದ್ರಾಸ್ ಹೈಕೋರ್ಟಿಗೆ ಹೋದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಆ ಯುವತಿಯರನ್ನೂ ಅವರ ತಂದೆತಾಯಿಯರನ್ನೂ ಆಪ್ತಸಮಾಲೋಚಕರ ಬಳಿಗೆ ಕಳಿಸಿದರು. ಬಳಿಕ, ನನ್ನಲ್ಲೂ ಪೂರ್ವಗ್ರಹ ಉಂಟು ಎಂದು ತೆರೆದ ನ್ಯಾಯಾಲಯದ ಆದೇಶದಲ್ಲೇ ಒಪ್ಪಿಕೊಂಡು, ತಾವೇ ಮನಶ್ಶಾಸ್ತ್ರಜ್ಞರ ಎದುರು ವಿದ್ಯಾರ್ಥಿಯಂತೆ ಕುಳಿತರು. ತೀರ್ಪು ಬಂದದ್ದು 2021ರ ಜೂನ್ 7ರಂದು. ಅದಕ್ಕೆ ಒಂದು ವರ್ಷ ಮೊದಲು, 2020ರಲ್ಲಿ, ತನ್ನನ್ನು ಬಲವಂತವಾಗಿ ಚಿಕಿತ್ಸೆಗೆ ಒಳಪಡಿಸಿದರೆಂದು ಹೇಳಿಕೊಂಡಿದ್ದ ಕೇರಳದ ಒಬ್ಬ ವಿದ್ಯಾರ್ಥಿನಿ ತನ್ನ ಪ್ರಾಣವನ್ನೇ ಕಳೆದುಕೊಂಡಳು. ಇದನ್ನು ಬರೆಯುವಾಗ ನಮ್ಮ ಕೈ ಭಾರವಾಗುತ್ತದೆ.

ಹಾಗಾದರೆ ಧರ್ಮಸಭೆ ಏನು ಹೇಳುತ್ತದೆ? ಸ್ಪಷ್ಟವಾಗಿ ಹೇಳೋಣ. ವಿವಾಹ ಒಂದು ಗಂಡು ಒಂದು ಹೆಣ್ಣಿನ ನಡುವಿನದು. ದೇಹ ಸಂಬಂಧಕ್ಕೆ ಜಾಗ ಅದರೊಳಗೆ ಮಾತ್ರ. ಈ ಬೋಧನೆ ಬದಲಾಗಿಲ್ಲ. ಆದರೆ ನಾವು ಅರ್ಧವನ್ನು ಮಾತ್ರ ಕಲಿತು ಕಲಿಸಿದ್ದೇವೆ. ಆಕರ್ಷಣೆ ಮನಸ್ಸಿನಲ್ಲಿ ತಾನಾಗಿ ಹುಟ್ಟಿದ ಮಾತ್ರಕ್ಕೆ ಅದು ಪಾಪವಲ್ಲ. ಧರ್ಮೋಪದೇಶ ಗ್ರಂಥದ 2358ನೆಯ ಪರಿಚ್ಛೇದ ಅಂಥವರನ್ನು ಗೌರವ, ಅನುಕಂಪ, ಸೂಕ್ಷ್ಮತೆಗಳಿಂದ ಸ್ವೀಕರಿಸಬೇಕೆಂದೂ ಅನ್ಯಾಯದ ತಾರತಮ್ಯ ಕೂಡದೆಂದೂ ವಿಧಿಸುತ್ತದೆ. ಜಗದ್ಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀಶಿಯಾ' ಪತ್ರದ 250ನೆಯ ಪರಿಚ್ಛೇದದಲ್ಲಿ ಇದನ್ನೇ ಕುಟುಂಬಗಳಿಗೆ ನೆನಪಿಸಿದರು. ವಿಧಿಸುತ್ತದೆ ಎಂಬ ಪದವನ್ನು ಗಮನಿಸಿ. ಇದು ಮನಸ್ಸಿದ್ದರೆ ಮಾಡುವ ಉಪಕಾರವಲ್ಲ.

ಸಂತ ಯೊವಾನ್ನರ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ ಜನರು ಒಬ್ಬ ಹೆಣ್ಣನ್ನು ಎಳೆತಂದು ನಡುವೆ ನಿಲ್ಲಿಸುತ್ತಾರೆ. ಅವಳ ತಪ್ಪೇ ಬೇರೆ, ನಾವು ಇಲ್ಲಿ ಹೋಲಿಸುತ್ತಿರುವುದು ತಪ್ಪನ್ನಲ್ಲ, ನೋಟವನ್ನು. ಎಲ್ಲರ ಕಣ್ಣೂ ಅವಳ ಮೇಲೆ. ಯೇಸುಸ್ವಾಮಿ ಒಬ್ಬರೇ ಬಗ್ಗಿ ನೆಲದ ಮೇಲೆ ಬರೆಯುತ್ತಾ ಕುಳಿತರು. ನೋಡುವವರೆಲ್ಲ ಚದರಿಹೋದ ಮೇಲೆ ತಲೆಯೆತ್ತಿ ಅವಳೊಡನೆ ಮಾತಾಡಿದರು. ಸತ್ಯವನ್ನೂ ಹೇಳಿದರು, ಆದರೆ ಸಂತೆಯಲ್ಲಲ್ಲ. ಹಾಡು ಹುಡುಗಿಯನ್ನು ನಡುವೆ ನಿಲ್ಲಿಸಿ ಮಜಾ ನೋಡುತ್ತದೆ. ನಾವು ನಡುವೆ ನಿಲ್ಲಿಸಿ ಕಲ್ಲು ಹುಡುಕುತ್ತೇವೆ. ಸ್ವಾಮಿಯ ದಾರಿ ಎರಡೂ ಅಲ್ಲ.

ಈ ನೋಟದಿಂದ ಇನ್ನೊಂದು ನಷ್ಟವೂ ಆಗುತ್ತಿದೆ. ಎಲ್ಲವನ್ನೂ ಆ ಬಣ್ಣದಲ್ಲೇ ನೋಡಲು ಕಲಿತವರು ಕೈಕೈ ಹಿಡಿದು ಶಾಲೆಗೆ ಹೋಗುವ ಇಬ್ಬರು ಹುಡುಗಿಯರನ್ನು ಕಂಡೂ ಹಲ್ಲು ಕಿರಿಯುತ್ತಾರೆ. ಹೆಣ್ಣುಮಕ್ಕಳ ಸ್ನೇಹ ನಮ್ಮಲ್ಲಿ ಎಷ್ಟು ದೊಡ್ಡ ಸಂಪತ್ತು! ಮರಿಯಮ್ಮನವರು ಎಲಿಜಬೇತಳ ಮನೆಗೆ ನಡೆದುಹೋಗಿ ಹಾಡಿದ ಸ್ತುತಿಗೀತೆಯನ್ನು ಧರ್ಮಸಭೆ ಇಂದಿಗೂ ದಿನವೂ ಸಂಜೆ ಹಾಡುತ್ತದೆ. ನಮ್ಮ ರೋಸಿನ ಚಪ್ಪರದಲ್ಲಿ ಹಿರಿಯ ಹೆಂಗಸರು ವೊವಿಯೊ ಹಾಡುವಾಗ ನಡುವೆ ಕುಳಿತ ಹುಡುಗಿಯ ಹೆಸರು ಅವರಿಗೆ ಗೊತ್ತು, ಅವಳ ಮನೆ ಗೊತ್ತು, ಅವಳ ಕಣ್ಣೀರೂ ಗೊತ್ತು. ಹೆಸರು ತಿಳಿದು ಹಾಡುವ ಹಾಡಿಗೂ ಹೆಸರು ಬೇಡವೆನ್ನುವ ಹಾಡಿಗೂ ಇರುವ ಅಂತರ ಇದೇ.

ಪ್ರಿಯ ತಂದೆತಾಯಿಗಳೇ, ಮಗಳು ಕೇಳುವ ಹಾಡನ್ನು ಒಮ್ಮೆ ಅವಳ ಜೊತೆ ಕುಳಿತು ಕೇಳಿ. 'ಇದರಲ್ಲಿ ಏನು ಹೇಳುತ್ತಾರೆ ಮಗಾ?' ಎಂದು ಕೇಳಿ, ಅವಳು ಅರ್ಥ ಹೇಳಲಿ. ನಿಮಗೆ ಸರಿಕಾಣದ್ದನ್ನು ಸರಿಕಾಣದು ಎಂದು ಹೇಳಿ, ಆದರೆ ಹಾಡಿನ ಬಗ್ಗೆ ಹೇಳಿ, ಯಾವುದೋ ಹುಡುಗಿಯನ್ನು ಆಡಿಕೊಂಡು ನಗಬೇಡಿ. ಆ ನಗುವನ್ನು ಕೇಳಿಸಿಕೊಂಡ ಮಗು ತನ್ನ ಮನಸ್ಸಿನ ಮಾತನ್ನು ನಿಮ್ಮ ಮುಂದೆ ಇನ್ನೆಂದೂ ತೆರೆಯಲಿಕ್ಕಿಲ್ಲ. ತೆರೆದರೆ ಆ ದಿನ ಉತ್ತರ ಕೊಡುವ ಅವಸರ ಬೇಡ. ಊಟ ಬಡಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ. ನೆಂಟರಿಗೆ ಫೋನ್ ಮಾಡಬೇಡಿ. ಅವಳು ತೀರಾ ಕುಗ್ಗಿದ್ದಾಳೆಂದು ಕಂಡರೆ 14416 ಎಂಬ ಸರಕಾರದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿಯೂ ಉಂಟು. ಗುರುಗಳಾದ ನಮ್ಮ ಬಾಗಿಲೂ ತೆರೆದಿರುತ್ತದೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತದೆ.

ಈ ಪುಟವನ್ನು ಯಾರಿಗೂ ಕಾಣದಂತೆ ಓದುತ್ತಿರುವ ಮಗಳೊಬ್ಬಳು ಇರಬಹುದು. ಅವಳಿಗೆ ನಮ್ಮ ಮಾತು ಇಷ್ಟೆ: ನೀನು ತಮಾಷೆಯಲ್ಲ, ರೋಗವೂ ಅಲ್ಲ. ಜ್ಞಾನಸ್ನಾನದ ದಿನ ನಿನ್ನನ್ನು ಹೆಸರು ಹಿಡಿದು ಕರೆದ ದೇವರು ಆ ಹೆಸರನ್ನು ಮರೆತಿಲ್ಲ. ಭಾನುವಾರದ ಬಲಿಪೂಜೆಗೆ ಬಾ. ನಿನ್ನ ಬೆಂಚು ನಿನ್ನದೇ.