ಗುಜರಿಯ ಗಿಟಾರು, ಬೀಟೆಯ ಹಲಗೆ

ಪರಿಸರದ ಪತ್ರಿಕೆಗೂ ವಿದ್ಯುತ್ ಬೇಸ್ ಗಿಟಾರಿಗೂ ಏನು ಸಂಬಂಧವೆಂದು ಓದುಗರಲ್ಲಿ ಕೆಲವರು ಹುಬ್ಬೇರಿಸುವುದು ಸಹಜ. ಆ ವಾದ್ಯದ ಕತ್ತಿನ ಮೇಲೆ ಅಂಟಿಸಿರುವ, ಬೆರಳೂರಿ ನುಡಿಸುವ ಕಪ್ಪುಗೆಂಪು ಹಲಗೆಯನ್ನು ಒಮ್ಮೆ ನೋಡಿದರೆ ನಮ್ಮ ಸೀಮೆಯ ಯಾವ ಬಡಗಿಯೂ ಅದರ ಕುಲವನ್ನು ಹೇಳಬಲ್ಲ. ಅದು ಬೀಟೆ. ಮಲೆನಾಡಿನ ಕಾಡಿನಲ್ಲಿಯೂ ಕಾಫಿ ತೋಟಗಳಲ್ಲಿಯೂ ನೂರಾರು ವರ್ಷ ನಿಲ್ಲಬಲ್ಲ ಮರವೊಂದು ಸಾಗರ ದಾಟಿ, ಯಾರದೋ ಕಾರ್ಖಾನೆಯಲ್ಲಿ ಅರ್ಧ ಅಂಗುಲಕ್ಕಿಂತ ತೆಳುವಾದ ಪಟ್ಟಿಯಾಗಿ, ಕೊನೆಗೆ ನಮ್ಮದೇ ಪೇಟೆಯ ಗುಜರಿ ಅಂಗಡಿಗೆ ಮರಳಿ ಬರುವುದಾದರೆ ಅದನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವೆನಿಸದು.

ಈ ವರ್ಷ ನಮ್ಮ ಬಳಗದ ಕಾಲೇಜು ವಿದ್ಯಾರ್ಥಿಗಳು ಅಂಥದೊಂದು ಗಿಟಾರನ್ನು 600 ರೂಪಾಯಿಗೆ ಕೊಂಡು ತಂದರು. ಒಂದು ಕಾಲಕ್ಕೆ ಮದುವೆ, ಗಣೇಶೋತ್ಸವಗಳಿಗೆ ಹೋಗುತ್ತಿದ್ದ ಆರ್ಕೆಸ್ಟ್ರಾ ತಂಡವೊಂದರ ಸೊತ್ತು ಅದು. ಜಪಾನಿನಲ್ಲಿ ತಯಾರಾದ ಅಗ್ಗದ ನಕಲು. ಪ್ಲೈವುಡ್ಡಿನ ಒಡಲು ತೇವಕ್ಕೆ ಉಬ್ಬಿ ಪದರು ಬಿಟ್ಟಿತ್ತು. ತಂತಿಗಳು ತುಕ್ಕು ಹಿಡಿದಿದ್ದವು, ಕತ್ತು ಬಿಲ್ಲಿನಂತೆ ಬಾಗಿತ್ತು, ಸದ್ದು ಸತ್ತೇ ಹೋಗಿತ್ತು. ಸೌದೆಗೂ ಬಾರದ ವಸ್ತುವೆಂದು ಮನೆಯ ಹಿರಿಯರು ನಕ್ಕರು. ಮೂರು ತಿಂಗಳಲ್ಲಿ ಅದು ಮತ್ತೆ ನುಡಿಯಿತು. ಗುಜರಿಯ ಬೆಲೆಯನ್ನು ಬಿಟ್ಟು ಖರ್ಚಾದದ್ದು 2,900 ರೂಪಾಯಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ಹೊಸ ತಂತಿಗಳಿಗೇ ಹೋಯಿತು.

ಈ ವಾದ್ಯದ ಹುಟ್ಟಿನ ಕಥೆ ರಿಪೇರಿಯವರಿಗೆ ಹೆಮ್ಮೆ ತರುವಂಥದು. 1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ಪ್ರಿಸಿಷನ್ ಬೇಸ್ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದ ಲಿಯೋ ಫೆಂಡರ್ ಮೂಲತಃ ರೇಡಿಯೋ ರಿಪೇರಿ ಅಂಗಡಿಯವರು. ಅವರಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಅದುವರೆಗೆ ವಾದ್ಯವೃಂದಗಳಲ್ಲಿ ಮಂದ್ರ ಸ್ವರಕ್ಕೆ ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗಬೇಕಾಗಿತ್ತು. ಫೆಂಡರರು ಅದರ ಬದಲು ಗಟ್ಟಿ ಹಲಗೆಯೊಂದಕ್ಕೆ ಕತ್ತನ್ನು ನಾಲ್ಕು ಸ್ಕ್ರೂಗಳಿಂದ ಬಿಗಿದು, ವೀಣೆಗೆ ಮೆಟ್ಟಿಲಿರುವಂತೆ ಫ್ರೆಟ್ ಎಂಬ ಲೋಹದ ಪಟ್ಟಿಗಳನ್ನು ಕೂರಿಸಿ, ತಂತಿಗಳ ಕೆಳಗೆ ಅಯಸ್ಕಾಂತವಿಟ್ಟರು. ಸ್ಕ್ರೂ ಬಿಚ್ಚಿದರೆ ಕತ್ತು ಬೇರೆ, ಒಡಲು ಬೇರೆ. ಕೆಟ್ಟದ್ದನ್ನು ತೆಗೆದು ಬೇರೆಯದನ್ನು ಹಾಕಬಹುದು. ಇಂದು ಅಂಟಿನಿಂದ ಮುಚ್ಚಿ ಮಾರುವ ಮೊಬೈಲ್ ಫೋನುಗಳಲ್ಲಿ ಇಲ್ಲದ ಗುಣ ಇದೇ. ಅದರಿಂದಾಗಿಯೇ ಅದರ ಅಗ್ಗದ ನಕಲನ್ನು ಸಹ ಐವತ್ತು ವರ್ಷದ ಮೇಲೆ ಎತ್ತಿ ನಿಲ್ಲಿಸಲು ಸಾಧ್ಯವಾಗುತ್ತದೆ.

ಮೊದಲು ಕತ್ತು. ನಾಲ್ಕು ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವು ಒಟ್ಟಾಗಿ ಸುಮಾರು 75 ಕಿಲೋ ಭಾರದಷ್ಟು ಜಗ್ಗುತ್ತವೆ. ಒಂದೂವರೆ ಮೂಟೆ ಅಕ್ಕಿಯನ್ನು ಸದಾ ತೂಗುಹಾಕಿದಂತೆ. ಇದನ್ನು ತಡೆಯಲು ಕತ್ತಿನೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸಿರುತ್ತಾರೆ. ಅದರ ತುದಿಯ ನಟ್ಟನ್ನು ಬಿಗಿದರೆ ಕತ್ತು ನೇರವಾಗುತ್ತದೆ. ಆದರೆ ಆತುರ ಸಲ್ಲದು. ದಿನಕ್ಕೆ ಕಾಲು ಸುತ್ತು, ಮರುದಿನ ನೋಡಿ ಮತ್ತೆ ಕಾಲು ಸುತ್ತು. ಮರ ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದಕ್ಕೆ ಬದಲಾಗುವುದು ಅತ್ಯಲ್ಪ. ಆಷಾಢದಲ್ಲಿ ಬಾಗಿಲು ಬಿಗಿಯಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಈ ವಾದ್ಯಗಳಿಗೆ ವರ್ಷಕ್ಕೆ ಎರಡು ಬಾರಿ, ಮಳೆ ಹಿಡಿದಾಗ ಮತ್ತು ಬಿಟ್ಟಾಗ, ಸರಳನ್ನು ಸರಿಪಡಿಸುವುದು ಅಗತ್ಯ.

ಸದ್ದು ಸತ್ತದ್ದರ ಕಾರಣ ಅತ್ಯಂತ ಸರಳವಾಗಿತ್ತು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಉಕ್ಕಿನ ತಂತಿ ಅದರ ಮೇಲೆ ಅದುರಿದಾಗ ಕಾಂತಕ್ಷೇತ್ರ ಏರುಪೇರಾಗಿ ಸುರುಳಿಯಲ್ಲಿ ಅಲ್ಪ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ತತ್ತ್ವವೇ ಇದು. ಶರಾವತಿಯ ಜನರೇಟರುಗಳಲ್ಲಿ ಕೆಲಸ ಮಾಡುವುದೂ ಇದೇ. ನಮ್ಮ ಪೇಟೆಯ ರೇಡಿಯೋ ರಿಪೇರಿಯ ಹಿರಿಯರೊಬ್ಬರು ಮಲ್ಟಿಮೀಟರ್ ಹಿಡಿದು ಐದು ನಿಮಿಷದಲ್ಲಿ ಸುರುಳಿ ಸುಸ್ಥಿತಿಯಲ್ಲಿದೆಯೆಂದೂ, ಹೊರಗಿನ ಬೆಸುಗೆ ಬಿಟ್ಟಿದೆಯೆಂದೂ ಹೇಳಿದರು. ಸದ್ದು ಏರಿಳಿಸುವ ಗುಂಡಿಯೊಳಗಿನ ಕಿಲುಬನ್ನು ತೊಳೆದರು. ಅಷ್ಟೇ. ಅವರು ಕೂಲಿಯೆಂದು ಪಡೆದದ್ದು 150 ರೂಪಾಯಿ. ವಿದ್ಯಾರ್ಥಿಗಳು ಅದುವರೆಗೆ ವಿದೇಶದಿಂದ ಹೊಸ ಪಿಕಪ್ ತರಿಸುವ ಚರ್ಚೆಯಲ್ಲಿದ್ದರು. ಅದರ ಬೆಲೆ ಇಡೀ ಗಿಟಾರಿನ ಬೆಲೆಯ ಹತ್ತು ಪಟ್ಟು!

ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯದನ್ನು ಉಳಿಸುತ್ತೇವೆಂಬ ಹೆಸರಿನಲ್ಲಿ ಪಿಕಪ್, ಕುದುರೆ, ಬಿರಡೆ, ಗುಂಡಿ ಎಲ್ಲವನ್ನೂ ವಿಮಾನದಲ್ಲಿ ತರಿಸಿ, ಹಳೆಯ ಭಾಗಗಳನ್ನು ತಿಪ್ಪೆಗೆ ಎಸೆಯುವುದು ಕೊಳ್ಳುಬಾಕತನದ ಮತ್ತೊಂದು ವೇಷ. ಏನು ಕೆಟ್ಟಿದೆಯೆಂದು ಪತ್ತೆ ಮಾಡದೆ ಬದಲಾಯಿಸುವುದಕ್ಕೆ ದುರಸ್ತಿ ಎಂದು ಹೆಸರಿಡಲು ನಮಗೆ ಮನಸ್ಸಿಲ್ಲ. ಎಲೆ ಹಳದಿಯಾದ ಕೂಡಲೇ ಮಣ್ಣು ಪರೀಕ್ಷಿಸದೆ ಚೀಲಗಟ್ಟಲೆ ಗೊಬ್ಬರ ಸುರಿಯುವ ತೋಟಗಾರರನ್ನು ಕಂಡಾಗಲೂ ನಾವು ಇದೇ ಮಾತನ್ನು ಹೇಳುತ್ತ ಬಂದಿದ್ದೇವೆ.

ಉಳಿದದ್ದು ಗುಂಯ್‌ಗುಡುವಿಕೆ. ಮನೆಯ ವಿದ್ಯುತ್ತಿನ ಆವರ್ತಾಂಕ 50 ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ 41 ಹರ್ಟ್ಸ್. ಅದನ್ನೇ ಮೂರನೆಯ ಮನೆಯಲ್ಲಿ ಒತ್ತಿದರೆ 49 ಹರ್ಟ್ಸ್. ಎಂದರೆ ವಿದ್ಯುತ್ತಿನ ಗುಂಯ್‌ಕಾರ ವಾದ್ಯದ ಸ್ವರಗಳ ನಡುವೆಯೇ ಬಂದು ಕುಳಿತುಬಿಡುತ್ತದೆ. ಒಳಗಿನ ಗುಳಿಗಳಿಗೆ ತಾಮ್ರದ ಹಾಳೆಯನ್ನು ಅಂಟಿಸಿ, ತಂತಿಗಳು ನಿಲ್ಲುವ ಕುದುರೆಯನ್ನೂ ಹಾಳೆಯನ್ನೂ ಅರ್ಥಿಂಗಿಗೆ ಜೋಡಿಸಿದರೆ ಅದು ಬಹುಪಾಲು ಅಡಗುತ್ತದೆ. ಆದರೆ ಹೀಗೆ ಮಾಡಿದಾಗ ನುಡಿಸುವವರ ಬೆರಳು ತಂತಿಯ ಮೂಲಕ ಆಂಪ್ಲಿಫೈಯರಿನ ಕವಚಕ್ಕೇ ತಾಗಿದಂತಾಗುತ್ತದೆ. ಆಂಪ್ಲಿಫೈಯರಿನಲ್ಲಿ ವಿದ್ಯುತ್ ಸೋರಿಕೆಯಿದ್ದು, ಮನೆಯ ಅರ್ಥಿಂಗ್ ಸರಿಯಿಲ್ಲದಿದ್ದರೆ ಜೀವಕ್ಕೇ ಅಪಾಯ. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕರು ವೇದಿಕೆಯ ಮೇಲೆಯೇ, ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಅಸುನೀಗಿದರು.

ನಮ್ಮ ಊರುಗಳಲ್ಲಿ ಮೂರು ಕಾಲಿನ ಪ್ಲಗ್ಗಿನ ದೊಡ್ಡ ಕಾಲನ್ನು ಮುರಿದು ಎರಡು ರಂಧ್ರದ ಸಾಕೆಟ್ಟಿಗೆ ತುರುಕುವ ಅಭ್ಯಾಸವಿದೆ. ಹಲವು ಮನೆಗಳಲ್ಲಿ ಅರ್ಥಿಂಗ್ ಗುಂಡಿ ಹೆಸರಿಗೆ ಮಾತ್ರ. ಇದ್ದಿಲು, ಉಪ್ಪು ಹಾಕಿ ಮಾಡಿದ ಗುಂಡಿಯೂ ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣು ಒಣಗಿದಾಗ ಕೆಲಸಕ್ಕೆ ಬಾರದಂತಾಗುತ್ತದೆ. ವಾರಕ್ಕೊಮ್ಮೆಯಾದರೂ ನೀರು ಹೊಯ್ಯಬೇಕು. 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿ ಕಡಿದುಕೊಳ್ಳುವ ಸ್ವಿಚ್ಚನ್ನು ಮೀಟರ್ ಬೋರ್ಡಿನಲ್ಲಿ ಹಾಕಿಸುವವರೆಗೆ ವಿದ್ಯಾರ್ಥಿಗಳು ಆ ವಾದ್ಯವನ್ನು ಪ್ಲಗ್ಗಿಗೆ ಹಾಕಬಾರದೆಂದು ನಾವು ಪಟ್ಟು ಹಿಡಿದೆವು. ಗಿಟಾರಿನ ನೆಪದಲ್ಲಿ ಆ ಮನೆಯ ಮಿಕ್ಸಿ, ಪಂಪುಸೆಟ್ಟುಗಳೂ ಕ್ಷೇಮವಾದವು.

ಬೀಟೆಯ ಹಲಗೆ ಬೂದು ಹಿಡಿದು ಒಣಗಿತ್ತು. ಕೊಬ್ಬರಿ ಎಣ್ಣೆ ಸವರೋಣವೆಂದು ಒಬ್ಬರು, ಅಗಸೆ ಎಣ್ಣೆ ಎಂದು ಇನ್ನೊಬ್ಬರು. ಎಣ್ಣೆಕಾಳಿನ ಮಾತು ಬಂದಾಗ ಕೃಷಿ ವಿಜ್ಞಾನದವರು ಸುಮ್ಮನಿರುವುದು ಕಷ್ಟ! ಎಣ್ಣೆಯ ಅಯೋಡಿನ್ ಅಂಕ ಹೆಚ್ಚಿದ್ದಷ್ಟೂ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿ ಪೊರೆಯಾಗುತ್ತದೆ. ಅಗಸೆ ಎಣ್ಣೆಗೆ ಅದು 170ರ ಮೇಲೆ. ಕೊಬ್ಬರಿ ಎಣ್ಣೆಗೆ ಹತ್ತರ ಆಸುಪಾಸು. ಆದ್ದರಿಂದ ಕೊಬ್ಬರಿ ಎಣ್ಣೆ ಎಂದಿಗೂ ಒಣಗದೆ, ಕಮಟು ಹಿಡಿದು ಧೂಳು ಕೂಡಿಸುತ್ತದೆ. ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ ಒರೆಸಿ ತೆಗೆಯುವುದು ಲೇಸು. ಆದರೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆಸೆಯಕೂಡದು. ಎಣ್ಣೆ ಒಣಗುವಾಗ ಶಾಖ ಹುಟ್ಟಿ, ಮುದುಡಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಬಯಲಲ್ಲಿ ಹರವಬೇಕು. ಬೀಟೆಯ ಹುಡಿ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುವುದರಿಂದ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟುವುದನ್ನೂ ಮರೆಯಬಾರದು.

ಮಾರ್ಪಾಡುಗಳ ವಿಷಯದಲ್ಲಿ ನಮ್ಮಲ್ಲಿ ಒಮ್ಮತವಿರಲಿಲ್ಲ. ಸ್ಕ್ರೂ ಹಿಡಿಯದ ಒಡಲನ್ನು ಬಿಡಲೇಬೇಕಾಯಿತು. ಕೆಡವಿದ ಹಳೆಯ ಮನೆಯ ಹಲಸಿನ ಹಲಗೆಯಿಂದ ಬಡಗಿಯೊಬ್ಬರು ಹೊಸ ಒಡಲನ್ನು ಕೆತ್ತಿಕೊಟ್ಟರು. ವೀಣೆಗೂ ಮೃದಂಗಕ್ಕೂ ಒದಗುವ ಮರ ಇದಕ್ಕೇಕೆ ಒದಗಬಾರದು? ತೂಕ ತುಸು ಹೆಚ್ಚಾಯಿತೆಂಬುದೊಂದೇ ದೂರು. ಸವೆದ ಫ್ರೆಟ್‌ಗಳನ್ನು ಹೊಸದಾಗಿ ಹಾಕುವ ಬದಲು ವಿದ್ಯಾರ್ಥಿಗಳು ಅವನ್ನು ಕಾಯಿಸಿ ಕಿತ್ತು, ಸೀಳುಗಳಲ್ಲಿ ಅಡಿಕೆ ದಬ್ಬೆಯ ತೆಳು ಚಕ್ಕೆಗಳನ್ನು ತುಂಬಿದರು. ಅಮೆರಿಕದ ಜಾಕೋ ಪಾಸ್ಟೋರಿಯಸ್ ತಮ್ಮ 1962ರ ಬೇಸ್ ಗಿಟಾರಿನ ಫ್ರೆಟ್‌ಗಳನ್ನು ತೆಗೆದು, ಹಲಗೆ ಸವೆಯದಂತೆ ದೋಣಿಗೆ ಬಳಿಯುವ ಎಪಾಕ್ಸಿಯನ್ನು ಬಳಿದು 1970ರ ದಶಕದಲ್ಲಿ ಹೆಸರಾದರು. ಫ್ರೆಟ್ ಇಲ್ಲದಾಗ ಸ್ವರದಿಂದ ಸ್ವರಕ್ಕೆ ಜಾರಬಹುದು, ಗಮಕ ಸಾಧ್ಯವಾಗುತ್ತದೆ. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನೇ ಗಮಕಕ್ಕೆ ಒಗ್ಗಿಸಿಕೊಂಡವರಲ್ಲವೇ. ಆದರೂ ಒಂದು ಷರತ್ತು ಹಾಕಿದೆವು: ಕಿತ್ತ ಫ್ರೆಟ್, ಹಳೆಯ ಗುಂಡಿ, ಸ್ಕ್ರೂ ಎಲ್ಲವೂ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇರಬೇಕು. ಮುಂದಿನವರು ಮೊದಲಿನಂತೆ ಮಾಡಬಯಸಿದರೆ ದಾರಿ ಮುಚ್ಚಿರಬಾರದು.

ಬೀಟೆಯ ಮಾತಿಗೆ ಮರಳೋಣ. ಬ್ರೆಜಿಲ್ಲಿನ ಬೀಟೆಯ ವ್ಯಾಪಾರವನ್ನು 1992ರಲ್ಲಿ ಸೈಟ್ಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದ ಬಹುತೇಕ ನಿಲ್ಲಿಸಿತು. ಗಿಟಾರು ತಯಾರಕರು ನಮ್ಮ ಬೀಟೆಯನ್ನು ಇನ್ನಷ್ಟು ನೆಚ್ಚಿಕೊಂಡರು. 2011ರಲ್ಲಿ ಅಮೆರಿಕದ ಸರಕಾರಿ ಅಧಿಕಾರಿಗಳು ಗಿಬ್ಸನ್ ಕಂಪನಿಯ ಕಾರ್ಖಾನೆಗಳ ಮೇಲೆ ದಾಳಿ ಮಾಡಿ ವಶಪಡಿಸಿಕೊಂಡದ್ದು ಭಾರತದಿಂದ ಹೋದ ಬೀಟೆ, ಕರಿಮರದ ಹಲಗೆಗಳನ್ನೇ. ಮರುವರ್ಷ ಪ್ರಕರಣ ರಾಜಿಯಲ್ಲಿ ಮುಗಿಯಿತು. 2017ರ ಜನವರಿಯಿಂದ ಇಡೀ ಡಾಲ್ಬರ್ಜಿಯಾ ಕುಲಕ್ಕೇ ಸೈಟ್ಸ್ ಪರವಾನಗಿ ಕಡ್ಡಾಯವಾಯಿತು. ಅದರ ಹಿಂದಿದ್ದ ಮುಖ್ಯ ಒತ್ತಡ ಚೀನಾದ ಐಷಾರಾಮಿ ಪೀಠೋಪಕರಣಗಳ ಬೇಡಿಕೆಯದು. ವಾದ್ಯದವರ ಅಹವಾಲಿನ ಮೇಲೆ 2019ರ ನವೆಂಬರಿನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಈ ವಿನಾಯಿತಿಯನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹೊಸ ಗಿಟಾರು ಕೊಳ್ಳುವ ವಿದ್ಯಾರ್ಥಿಗೆ ತನ್ನ ಬೆರಳಿನ ಕೆಳಗೆ ಇರುವ ಮರ ಯಾವುದೆಂದು ತಿಳಿದಿರಬೇಕು.

ಬೀಟೆ ನಿಧಾನವಾಗಿ ಬೆಳೆಯುವ ಮರ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತದೆ. ಕಾಫಿ ತೋಟಗಳಲ್ಲಿ ಅದರ ನೆರಳಿನ ಜಾಗಕ್ಕೆ ಆಸ್ಟ್ರೇಲಿಯಾದ ಸಿಲ್ವರ್ ಓಕ್ ಬಂದು ನಿಂತಿರುವುದನ್ನು ಕಾಣದವರಿಲ್ಲ. ಬೇಗ ಬೆಳೆಯುತ್ತದೆ, ಮಾರಲು ತೊಡಕಿಲ್ಲ. ಬೀಟೆಯನ್ನಾದರೋ ಸ್ವಂತ ಜಮೀನಿನಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ರಕ್ಷಣೆಗೆಂದು ಮಾಡಿದ ನಿಯಮವೇ ನೆಡುವ ಕೈಯನ್ನು ಹಿಂಜರಿಯುವಂತೆ ಮಾಡಿರುವುದು ವಿಷಾದದ ಸಂಗತಿ. ಆದರೂ ಬೀಟೆ ಬೇರಿನಿಂದ ಮರಿ ಒಡೆಯುತ್ತದೆ. ತೋಟದ ಅಂಚಿನಲ್ಲಿ, ಬೇಲಿಯ ಬದಿಯಲ್ಲಿ ತಾನಾಗಿ ಎದ್ದ ಮರಿಗಳನ್ನು ಕಳೆ ಕೊಚ್ಚುವಾಗ ಬಿಟ್ಟುಬಿಡುವುದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ.

ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ಆರಂಭಿಸಿತು. ಕೃಷಿ ಉಪಕರಣಗಳೂ ಅದರ ವ್ಯಾಪ್ತಿಯಲ್ಲಿವೆ. ಹಕ್ಕು ಕಾಗದದ ಮೇಲೆ ಬರಬಹುದು, ಆದರೆ ಬೆಸುಗೆ ಹಾಕುವ ಕೈ ಎಲ್ಲಿದೆ? ಗಿಟಾರಿಗೆ ಜೀವ ತಂದ ಆ ಹಿರಿಯರಿಗೆ ಈಗ ಎಪ್ಪತ್ತು ಸಮೀಪಿಸಿದೆ. ಅಂಗಡಿಯ ಬಾಡಿಗೆ ಹುಟ್ಟುತ್ತಿಲ್ಲ, ಶಿಷ್ಯರಿಲ್ಲ. ಬರುವ ಯುಗಾದಿಗೆ ಬಾಗಿಲು ಹಾಕುವುದಾಗಿ ಹೇಳುತ್ತಿದ್ದಾರೆ. ಅದಕ್ಕೆ ಮುನ್ನ ನಾಲ್ಕು ಭಾನುವಾರ ನಮ್ಮ ಬಳಗದ ಕಚೇರಿಯಲ್ಲಿ ಕುಳಿತು ಕಲಿಸಲು ಒಪ್ಪಿದ್ದಾರೆ. ಹನ್ನೆರಡು ಮಂದಿಗೆ ಮಾತ್ರ ಅವಕಾಶ. ಬರುವವರು ಮನೆಯಲ್ಲಿ ಕೆಟ್ಟು ಕುಳಿತ ರೇಡಿಯೋ, ಟಾರ್ಚು, ಬ್ಯಾಟರಿ ಸ್ಪ್ರೇಯರ್ ಏನಾದರೊಂದನ್ನು ತರಬೇಕು. ಬೆಸುಗೆಯ ಕಡ್ಡಿಯಲ್ಲಿ ಸೀಸವಿರುವುದರಿಂದ ಎಳೆಯ ಮಕ್ಕಳನ್ನು ಕರೆತರುವುದು ಬೇಡ. ಕೈ ತೊಳೆಯದೆ ಚಹಾ ಕೊಡುವುದಿಲ್ಲ.